ಕುಮಾರಪರ್ವತ: ಕುಕ್ಕೆಯ ಹಾದಿಯೋ, ಬೀದಳ್ಳಿಯ ಹಾದಿಯೋ?

ದಕ್ಷಿಣ ಕನ್ನಡ ಮತ್ತು ಕೊಡಗು ಜಿಲ್ಲೆಗಳ ಗಡಿಯಲ್ಲಿ ನಿಂತಿರುವ 1712 ಮೀಟರ್ ಎತ್ತರದ ಕುಮಾರಪರ್ವತವನ್ನು ಎರಡು ಕಡೆಗಳಿಂದ ಹತ್ತಬಹುದು. ಪಶ್ಚಿಮದ ಹಾದಿ ಕುಕ್ಕೆ ಸುಬ್ರಹ್ಮಣ್ಯದಿಂದ ಹೊರಟು ಗಿರಿಗದ್ದೆ, ಕಲ್ಲುಮಂಟಪ ಮತ್ತು ಶೇಷಪರ್ವತಗಳನ್ನು ದಾಟಿ ಶಿಖರವನ್ನು ಸೇರುತ್ತದೆ. ಪೂರ್ವದ ಹಾದಿ ಸೋಮವಾರಪೇಟೆ ತಾಲ್ಲೂಕಿನ ಬೀದಳ್ಳಿ, ಹೆಗ್ಗಡಮನೆಯ ಕಡೆಯಿಂದ ಹೊರಟು ಕಾಡು ಮತ್ತು ಬಂಡೆಗಳ ನಡುವೆ ನೇರವಾಗಿ ಮೇಲೇರುತ್ತದೆ. ಕೊಡಗಿನ ಕಡೆಯವರು ಇದೇ ಬೆಟ್ಟವನ್ನು ಪುಷ್ಪಗಿರಿ ಎಂದು ಕರೆಯುತ್ತಾರೆ. ಎರಡೂ ಹಾದಿಗಳು ಮುಟ್ಟಿಸುವುದು ಒಂದೇ ತುದಿಗೆ, ಆದರೆ ದೂರ, ಏರಿಕೆ, ನೀರು, ನೆರಳು, ಊಟ, ಬಸ್ಸು ಈ ಯಾವುದರಲ್ಲಿಯೂ ಅವುಗಳಿಗೆ ಸಾಮ್ಯವಿಲ್ಲ.

ಮೊದಲ ಬಾರಿ ಹೋಗುವವರು ಸಾಮಾನ್ಯವಾಗಿ ಕೇಳುವುದು “ಯಾವುದು ಹತ್ತಲು ಸುಲಭ?” ಎಂದು. ಎರಡೂ ಕಡೆಯಿಂದ ಹಲವು ಬಾರಿ ಹೋಗಿಬಂದ ಮೇಲೆ ನನಗೆ ಮನವರಿಕೆಯಾಗಿರುವುದೇನೆಂದರೆ, ಈ ಬೆಟ್ಟದಲ್ಲಿ ಹಾದಿಯನ್ನು ಆಯ್ದುಕೊಳ್ಳಬೇಕಾದದ್ದು ಇಳಿಯುವುದನ್ನು ಲೆಕ್ಕಕ್ಕಿಟ್ಟುಕೊಂಡು. ಹತ್ತುವಾಗ ದಣಿವಾದರೆ ಒಂದು ಕಲ್ಲಿನ ಮೇಲೆ ಕುಳಿತು ಸುಧಾರಿಸಿಕೊಳ್ಳಬಹುದು, ಇಲ್ಲವೇ ಅಲ್ಲಿಂದಲೇ ಹಿಂದಿರುಗಬಹುದು. ಇಳಿಯುವಾಗ ಮೊಣಕಾಲು ಸೋತರೆ ಈ ಎರಡರಲ್ಲಿ ಯಾವುದೂ ಪ್ರಯೋಜನಕ್ಕೆ ಬರುವುದಿಲ್ಲ, ಏಕೆಂದರೆ ಉಳಿದ ದೂರವನ್ನು ನಡೆದೇ ತೀರಿಸಬೇಕು, ಮತ್ತು ಆ ಹೊತ್ತಿಗೆ ಬೆಳಕೂ ಕಡಿಮೆಯಾಗುತ್ತಿರುತ್ತದೆ.

ಎತ್ತರದ ಅಂಕಿ ಹೇಳದ ವಿಷಯ

ಶಿಖರದ ಎತ್ತರವನ್ನು ಓದಿ ಕಷ್ಟವನ್ನು ಅಳೆಯುವ ರೂಢಿ ನಮ್ಮಲ್ಲಿದೆ. ಕರ್ನಾಟಕದ ಅತ್ಯುನ್ನತ ಶಿಖರವಾದ ಚಿಕ್ಕಮಗಳೂರಿನ ಮುಳ್ಳಯ್ಯನಗಿರಿ 1900 ಮೀಟರಿಗೂ ಎತ್ತರವಿದೆ. ಆದರೆ ವಾಹನಗಳ ರಸ್ತೆ ತುದಿಯ ಸಮೀಪದವರೆಗೂ ಹೋಗುವುದರಿಂದ, ಉಳಿದ ಮೆಟ್ಟಿಲುಗಳನ್ನು ಮಕ್ಕಳು ಮತ್ತು ವಯಸ್ಸಾದವರು ಕೂಡ ಏರಿ ದೇವರ ದರ್ಶನ ಮಾಡಿಕೊಂಡು ಬರುತ್ತಾರೆ. ಕೊಡಗಿನ ಅತಿ ಎತ್ತರದ ಶಿಖರವಾದ ತಡಿಯಂಡಮೋಳ್ 1748 ಮೀಟರ್, ಅಂದರೆ ಕುಮಾರಪರ್ವತಕ್ಕಿಂತ 36 ಮೀಟರ್ ಹೆಚ್ಚು. ಆದರೂ ಕಕ್ಕಬ್ಬೆಯ ಬಳಿಯ ನಾಲ್ಕುನಾಡು ಅರಮನೆಯ ಕಡೆಯಿಂದ ಬೆಳಿಗ್ಗೆ ಹೊರಟವರು ಅದನ್ನು ಹತ್ತಿ ಮಧ್ಯಾಹ್ನದ ಊಟದ ಹೊತ್ತಿಗೆ ಕೆಳಗಿಳಿದಿರುತ್ತಾರೆ. ಕಷ್ಟವನ್ನು ನಿರ್ಧರಿಸುವುದು ತುದಿಯ ಎತ್ತರಕ್ಕಿಂತ ಹೆಚ್ಚಾಗಿ, ನಾವು ಎಲ್ಲಿಂದ ಹೊರಡುತ್ತೇವೆ ಎಂಬುದು.

ಕುಮಾರಪರ್ವತದ ಎರಡು ಬದಿಗಳ ನಡುವಿನ ವ್ಯತ್ಯಾಸಕ್ಕೆ ಕಾರಣವೂ ಇಲ್ಲಿಯೇ ಇದೆ. ಪಶ್ಚಿಮ ಘಟ್ಟವು ಕರಾವಳಿಯ ಕಡೆಗೆ ಗೋಡೆಯಂತೆ ಕಡಿದಾಗಿ ಇಳಿಯುತ್ತದೆ ಮತ್ತು ಪೂರ್ವದ ಕಡೆಗೆ ಪ್ರಸ್ಥಭೂಮಿಯಾಗಿ ನಿಧಾನವಾಗಿ ಹರಡಿಕೊಳ್ಳುತ್ತದೆ. ಕುಕ್ಕೆ ಆ ಗೋಡೆಯ ಬುಡದಲ್ಲಿದ್ದು, ಸಮುದ್ರಮಟ್ಟದಿಂದ ಅದರ ಎತ್ತರ 200 ಮೀಟರನ್ನೂ ಮುಟ್ಟುವುದಿಲ್ಲ. ಆದ್ದರಿಂದ ಅಲ್ಲಿಂದ ಹೊರಟವರು ಒಟ್ಟು 1500 ಮೀಟರಿಗೂ ಹೆಚ್ಚು ಏರಬೇಕು. ಬೀದಳ್ಳಿ ಘಟ್ಟದ ಮೇಲಿನ ಊರು. ಅಲ್ಲಿಗೆ ಬರುವ ಹೊತ್ತಿಗೆ ಬಸ್ಸು ಅಥವಾ ಜೀಪು ನಮ್ಮ ಏರಿಕೆಯ ಅರ್ಧ ಭಾಗವನ್ನು ತಾನೇ ಮುಗಿಸಿಕೊಟ್ಟಿರುತ್ತದೆ. ದೂರದಲ್ಲಿಯೂ ಇದೇ ಅನುಪಾತವಿದೆ: ಕುಕ್ಕೆಯಿಂದ ತುದಿಗೆ ಸುಮಾರು 13 ಕಿಲೋಮೀಟರ್, ಬೀದಳ್ಳಿಯ ಕಡೆಯಿಂದ ಸುಮಾರು 7 ಕಿಲೋಮೀಟರ್.

ಕುಕ್ಕೆಯ ಹಾದಿ

ಈ ಹಾದಿಯನ್ನು ಮೂರು ಬೇರೆ ಬೇರೆ ಚಾರಣಗಳೆಂದು ಭಾವಿಸಿದರೆ ಅರ್ಥಮಾಡಿಕೊಳ್ಳುವುದು ಸುಲಭ. ಮೊದಲನೆಯದು ಕುಕ್ಕೆಯಿಂದ ಗಿರಿಗದ್ದೆಯವರೆಗಿನ ಕಾಡು. ಪೇಟೆಯನ್ನು ಬಿಟ್ಟು ಸ್ವಲ್ಪ ದೂರ ನಡೆಯುವುದರೊಳಗೆ ದಟ್ಟ ಮರಗಳ ಕೆಳಗೆ ಏರು ಆರಂಭವಾಗುತ್ತದೆ, ಮತ್ತು ಬೇರುಗಳು ಹಾಗೂ ಕಲ್ಲುಗಳೇ ಮೆಟ್ಟಿಲುಗಳಾಗಿರುವ ಆ ಕಾಲುದಾರಿ ಸುಮಾರು 6 ಕಿಲೋಮೀಟರಿನವರೆಗೆ ಹೆಚ್ಚೇನೂ ಬಿಡುವು ಕೊಡದೆ ಮೇಲಕ್ಕೆ ಹೋಗುತ್ತದೆ. ಇಲ್ಲಿ ನೋಟವೆಂಬುದಿಲ್ಲ. ನೆರಳಿದೆ, ಆದರೆ ಕರಾವಳಿಯ ತೇವದ ಸೆಕೆಯೂ ಇದೆ, ಹಾಗಾಗಿ ಅರ್ಧ ಗಂಟೆಯೊಳಗೆ ಅಂಗಿ ಬೆವರಿನಲ್ಲಿ ನೆನೆದುಹೋಗುತ್ತದೆ. ನಡುವೆ ಸಿಗುವ ಭೀಮನ ಬಂಡೆಯೆಂಬ ದೊಡ್ಡ ಬಂಡೆ ಕುಳಿತು ದಣಿವಾರಿಸಿಕೊಳ್ಳಲು ಒಳ್ಳೆಯ ಸ್ಥಳ. ಮಳೆ ನಿಂತ ಹೊಸತರಲ್ಲಿ ಉಂಬಳಗಳ (ರಕ್ತ ಹೀರುವ ಜಿಗಣೆಗಳ) ಕಾಟ ಹೆಚ್ಚಿರುವ ಭಾಗವೂ ಇದೇ, ಆದ್ದರಿಂದ ಅಲ್ಲಿ ನಿಂತು ಮಾತನಾಡುವ ಬದಲು ಬಂಡೆಯ ಮೇಲೆ ಹತ್ತಿ ಕುಳಿತು ಮಾತನಾಡುವುದು ಲೇಸು. ಉಂಬಳ ಹತ್ತಿದರೆ ಕಿತ್ತೆಳೆಯದೆ ಸ್ವಲ್ಪ ಉಪ್ಪು ತಾಗಿಸಿದರೆ ತಾನಾಗಿ ಬಿಡುತ್ತದೆ. ಒಂದು ಬಟ್ಟೆಯ ತುಂಡಿನಲ್ಲಿ ಉಪ್ಪನ್ನು ಕಟ್ಟಿ ಜೇಬಿನಲ್ಲಿಟ್ಟುಕೊಂಡು ಹೋದರೆ ಬೇರೆ ಔಷಧ ಬೇಕಾಗುವುದಿಲ್ಲ.

ಕಾಡು ಮುಗಿಯುವಲ್ಲಿ ಗಿರಿಗದ್ದೆ ಬರುತ್ತದೆ. ಬೆಟ್ಟದ ನಡುಮಧ್ಯದಲ್ಲಿ ಗದ್ದೆ, ತೋಟ ಮತ್ತು ಹೆಂಚಿನ ಮನೆ ಇರುವುದನ್ನು ಮೊದಲ ಸಲ ಕಂಡವರಿಗೆ ಆಗುವ ಸಮಾಧಾನವನ್ನು ಮಾತಿನಲ್ಲಿ ಹೇಳುವುದು ಕಷ್ಟ. ಚಾರಣಿಗರೆಲ್ಲರೂ ‘ಭಟ್ಟರ ಮನೆ’ ಎಂದು ಕರೆಯುವ ಈ ಮನೆಯಲ್ಲಿ ದಶಕಗಳಿಂದ ಬಂದವರಿಗೆ ಅನ್ನ, ಸಾಂಬಾರು, ಮಜ್ಜಿಗೆ ಬಡಿಸುತ್ತಾ ಬಂದಿದ್ದಾರೆ. ವಾಹನ ಹೋಗದ ಜಾಗದಲ್ಲಿ ಅಕ್ಕಿ ಬೇಳೆಗಳೆಲ್ಲ ಹೊತ್ತು ತಂದದ್ದೇ ಆಗಿರುತ್ತವೆ ಎಂಬುದನ್ನು ನೆನಪಿನಲ್ಲಿಟ್ಟುಕೊಂಡು, ಎಷ್ಟು ಮಂದಿ ಬರುತ್ತೇವೆಂದು ಮೊದಲೇ ತಿಳಿಸಿ ಹೋಗುವುದು ಮತ್ತು ಎಲೆಯಲ್ಲಿ ಅನ್ನ ಬಿಡದಿರುವುದು ನಾವು ತೋರಬಹುದಾದ ಕನಿಷ್ಠ ಮರ್ಯಾದೆ. ಅರಣ್ಯ ಇಲಾಖೆಯ ತಪಾಸಣೆಯ ಠಾಣೆಯೂ ಇದರ ಹತ್ತಿರದಲ್ಲಿಯೇ ಇದೆ.

ಗಿರಿಗದ್ದೆಯಿಂದ ಮುಂದಕ್ಕೆ ಎರಡನೆಯ ಚಾರಣ ಆರಂಭವಾಗುತ್ತದೆ. ಇಲ್ಲಿ ಮರಗಳಿಲ್ಲ, ಹುಲ್ಲುಗಾವಲಿನ ಬೆನ್ನೇಣಿನ ಮೇಲೆ ಹಾದಿ ಸಾಗುತ್ತದೆ. ನೋಟಕ್ಕಾಗಿ ಈ ಬೆಟ್ಟವನ್ನು ಹತ್ತುವವರಿಗೆ ಇದೇ ಅತ್ಯಂತ ಸುಂದರವಾದ ಭಾಗವೆಂದು ನಾನು ತಿಳಿಯುತ್ತೇನೆ. ತುದಿಗಿಂತಲೂ ಇದು ಚೆಲುವಾದದ್ದು ಎಂದು ಹೇಳಲು ನನಗೆ ಸಂಕೋಚವಿಲ್ಲ. ಎಡಬಲಗಳಲ್ಲಿ ಕಣಿವೆಗಳು ತೆರೆದುಕೊಳ್ಳುತ್ತವೆ, ಮುಂದೆ ಶೇಷಪರ್ವತ ಹೆಡೆಯೆತ್ತಿದ ಹಾವಿನಂತೆ ಕಾಣುತ್ತದೆ, ಹಿಂದಿರುಗಿ ನೋಡಿದರೆ ಬೆಳಗಿನ ಮಂಜು ಕುಕ್ಕೆಯ ಕಡೆಯ ತಗ್ಗುಗಳನ್ನೆಲ್ಲ ತುಂಬಿಕೊಂಡು ನಿಂತಿರುತ್ತದೆ. ಆದರೆ ಬಿಸಿಲೇರಿದ ಮೇಲೆ ಈ ಏಣಿನ ಮೇಲೆ ತಲೆಮರೆಸಿಕೊಳ್ಳಲು ಕಲ್ಲುಮಂಟಪದ ಮಾಡೊಂದನ್ನು ಬಿಟ್ಟರೆ ಬೇರೇನೂ ಇಲ್ಲ. ಮಂಟಪದ ಸಮೀಪದಲ್ಲಿ ನೀರಿನ ತೊರೆಯೊಂದಿದೆ. ಅಕ್ಟೋಬರ್, ನವೆಂಬರ್ ತಿಂಗಳುಗಳಲ್ಲಿ ಅದು ಹರಿಯುತ್ತಿರುತ್ತದೆ, ಬೇಸಿಗೆ ಸಮೀಪಿಸಿದಂತೆ ಸೊರಗುತ್ತದೆ. ಆದ್ದರಿಂದ ಜನವರಿಯ ನಂತರ ಹೋಗುವವರು ಗಿರಿಗದ್ದೆಯಲ್ಲಿಯೇ ಬಾಟಲಿಗಳನ್ನೆಲ್ಲ ತುಂಬಿಸಿಕೊಳ್ಳಬೇಕು.

ಮೂರನೆಯದು ಕಲ್ಲುಮಂಟಪದಿಂದ ಶೇಷಪರ್ವತಕ್ಕೆ ಏರಿ, ಅಲ್ಲಿಂದ ಶೋಲಾ ಕಾಡಿನೊಳಕ್ಕೆ, ಅಂದರೆ ಹುಲ್ಲುಬೆಟ್ಟಗಳ ಮಡಿಲಿನ ಗಿಡ್ಡ ಮರಗಳ ದಟ್ಟ ಕಾಡಿನೊಳಕ್ಕೆ ಇಳಿದು, ಮತ್ತೆ ಬಂಡೆಯ ಇಳಿಜಾರನ್ನು ಹತ್ತಿ ಕುಮಾರಪರ್ವತದ ತಲೆಗೆ ಬರುವುದು. ದೂರ ಕಡಿಮೆ, ಆದರೆ ಕಾಲುಗಳು ಆಗಲೇ ಬಳಲಿರುವುದರಿಂದ ಹೆಚ್ಚು ಮಂದಿ ಕೈಚೆಲ್ಲುವುದು ಇಲ್ಲಿ. ಶೇಷಪರ್ವತವನ್ನೇ ತುದಿಯೆಂದು ಭಾವಿಸಿ ಹತ್ತಿದವರಿಗೆ ಮುಂದೆ ಇನ್ನೊಂದು ಇಳಿತ ಮತ್ತು ಇನ್ನೊಂದು ಏರು ಇರುವುದನ್ನು ಕಂಡಾಗ ಮನಸ್ಸು ಕುಗ್ಗುತ್ತದೆ. ಮುಂಚೆಯೇ ತಿಳಿದಿದ್ದರೆ ಅಷ್ಟು ಕುಗ್ಗುವುದಿಲ್ಲವೆಂಬ ಕಾರಣಕ್ಕಾಗಿ ಇದನ್ನು ಒತ್ತಿ ಬರೆಯುತ್ತಿದ್ದೇನೆ. ಶೇಷಪರ್ವತದಿಂದಲೇ ಹಿಂದಿರುಗುವುದರಲ್ಲಿಯೂ ಕೊರತೆಯೇನಿಲ್ಲ. ನೋಟದ ವಿಷಯದಲ್ಲಿ ಅದು ಶಿಖರಕ್ಕೆ ಸರಿದೊರೆಯಾಗಿ ನಿಲ್ಲುತ್ತದೆ.

ಬೀದಳ್ಳಿಯ ಹಾದಿ

ಸೋಮವಾರಪೇಟೆಯಿಂದ ಸುಮಾರು 25 ಕಿಲೋಮೀಟರ್ ದೂರದಲ್ಲಿ, ಕಾಫಿ ತೋಟಗಳು ಮತ್ತು ಗದ್ದೆಗಳನ್ನು ದಾಟಿದ ಮೇಲೆ ಈ ಬದಿಯ ಆರಂಭದ ಸ್ಥಳ ಸಿಗುತ್ತದೆ. ಶಾಂತಮಲ್ಲಿಕಾರ್ಜುನ ದೇವಸ್ಥಾನದ ಕಡೆಯಿಂದ ಹೊರಟು ಅರಣ್ಯ ಇಲಾಖೆಯ ಕಚೇರಿಯಲ್ಲಿ ಹೆಸರು ಬರೆಸಿ ಒಳಹೊಕ್ಕರೆ, ಪುಷ್ಪಗಿರಿ ವನ್ಯಜೀವಿಧಾಮದ ಕಾಡು ಬಹುದೂರದವರೆಗೂ ನಮ್ಮನ್ನು ಬಿಡುವುದಿಲ್ಲ. 1987ರಲ್ಲಿ ಘೋಷಿತವಾದ, ಸುಮಾರು 102 ಚದರ ಕಿಲೋಮೀಟರ್ ವಿಸ್ತಾರದ ಈ ಧಾಮವು 2012ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಪಶ್ಚಿಮ ಘಟ್ಟದ 39 ತಾಣಗಳಲ್ಲಿ ಒಂದು. ಆನೆಗಳ ಓಡಾಟವಿರುವ ಕಾಡು ಇದಾದ್ದರಿಂದ ಹಾದಿಯ ಮೇಲೆ ಹೊಸ ಲದ್ದಿ ಕಂಡರೆ ಗುಂಪಿನವರೆಲ್ಲ ಒಟ್ಟಾಗಿ ಸೇರಿಕೊಂಡು, ಸದ್ದಿಲ್ಲದೆ ಕಿವಿಗೊಟ್ಟು ಮುಂದುವರಿಯಬೇಕು. ಮೊಬೈಲಿನಲ್ಲಿ ಹಾಡು ಹಾಕಿಕೊಂಡು ನಡೆಯುವುದು ಬೇರೆಯವರಿಗೆ ಕಿರಿಕಿರಿಯುಂಟುಮಾಡುವುದಷ್ಟೇ ಅಲ್ಲದೆ, ನಮಗೆ ಕೇಳಬೇಕಾದ ಕೊಂಬೆ ಮುರಿಯುವ ಸದ್ದನ್ನೂ ಮುಚ್ಚಿಹಾಕುತ್ತದೆ.

ಈ ಹಾದಿಯ ಅನುಕೂಲಗಳು ಸ್ಪಷ್ಟವಾಗಿವೆ. ದೂರ ಅರ್ಧ, ಏರಿಕೆ ಅರ್ಧ, ಹೆಚ್ಚಿನ ಭಾಗ ನೆರಳು, ಮತ್ತು ಘಟ್ಟದ ಮೇಲಿನ ಗಾಳಿಯಾದ್ದರಿಂದ ಸೆಕೆಯೂ ಕಡಿಮೆ. ಇದರ ಎದುರಿಗೆ ಎರಡು ತೊಡಕುಗಳಿವೆ. ಮೊದಲನೆಯದು, ದಾರಿಯಲ್ಲಿ ಭಟ್ಟರ ಮನೆಯಂತಹ ಆಸರೆ ಎಲ್ಲಿಯೂ ಇಲ್ಲ. ಬುತ್ತಿಯನ್ನು ಕೆಳಗಿನಿಂದಲೇ ಕಟ್ಟಿಕೊಂಡು ಹೋಗಬೇಕು, ಮತ್ತು ತುದಿಯ ಕಡೆಗೆ ನೀರು ಸಿಗುತ್ತದೆಂದು ನಂಬಿಕೊಳ್ಳದೆ ಒಬ್ಬೊಬ್ಬರೂ ಮೂರು ಲೀಟರ್ ಹೊತ್ತುಕೊಂಡಿರಬೇಕು. ಎರಡನೆಯದು ಶಿಖರದ ಸಮೀಪದ ಬಂಡೆಗಳು. ಕಾಡು ತೆಳುವಾಗುತ್ತಿದ್ದಂತೆ ಎದುರಾಗುವ ಈ ಕಡಿದಾದ ಬಂಡೆಗಳನ್ನು ಒಣಗಿರುವಾಗ ಕೈಯೂರಿಕೊಂಡು ನಿಧಾನವಾಗಿ ಹತ್ತಬಹುದು. ಒದ್ದೆಯಾಗಿರುವಾಗ ಪಾಚಿಗಟ್ಟಿ ಜಾರುವ ಅವುಗಳ ಮೇಲೆ, ಅದರಲ್ಲಿಯೂ ಇಳಿಯುವಾಗ, ಅನುಭವಿಗಳೂ ಕುಳಿತುಕೊಂಡೇ ಜರುಗುವುದನ್ನು ನೋಡಿದ್ದೇನೆ. ಅಡಿ ಸವೆದ ಬೂಟುಗಳನ್ನು ಹಾಕಿಕೊಂಡು ಬಂದವರಿಗೆ ಈ ಬದಿ ತಕ್ಕದ್ದಲ್ಲ.

ನೋಟದ ವಿಷಯದಲ್ಲಿ ಈ ಹಾದಿ ಜಿಪುಣ. ಬಂಡೆಗಳ ಮೇಲೆ ಬರುವವರೆಗೂ ಮರಗಳ ಮರೆಯಲ್ಲಿಯೇ ನಡೆಯುತ್ತೇವೆ, ಆಮೇಲೆ ಒಮ್ಮೆಲೇ ಕೊಡಗಿನ ಬೆಟ್ಟಸಾಲು ತೆರೆದುಕೊಳ್ಳುತ್ತದೆ. ಈ ಹಠಾತ್ತಾದ ತೆರವು ಇಷ್ಟವಾಗುವವರೂ ಇದ್ದಾರೆ. ನನಗೆ ಮಾತ್ರ ಶೇಷಪರ್ವತವನ್ನು ಗಂಟೆಗಟ್ಟಲೆ ಎದುರಿಟ್ಟುಕೊಂಡು, ಅದು ಸ್ವಲ್ಪ ಸ್ವಲ್ಪವೇ ದೊಡ್ಡದಾಗುವುದನ್ನು ನೋಡುತ್ತಾ ನಡೆಯುವ ಕುಕ್ಕೆಯ ಹಾದಿಯ ಮೇಲೆಯೇ ಮಮತೆ ಹೆಚ್ಚು. ಬೀದಳ್ಳಿಯ ಕಡೆಯಿಂದ ಬಂದು ಸಮಯ ಉಳಿದರೆ, ಕುಮಾರಧಾರಾ ನದಿ ಸುಮಾರು 200 ಅಡಿ ಧುಮುಕುವ ಮಲ್ಲಳ್ಳಿ ಜಲಪಾತ ಹತ್ತಿರದಲ್ಲಿಯೇ ಇದೆ. ಮಳೆಗಾಲದ ನೀರು ಇನ್ನೂ ಇಳಿಯದಿರುವ ಅಕ್ಟೋಬರಿನಲ್ಲಿ ಅದನ್ನು ನೋಡದೆ ಹಿಂದಿರುಗಬಾರದು.

ಗಂಟೆಗಳ ಲೆಕ್ಕ

ಬೆಟ್ಟದ ನಡಿಗೆಗೆ ಎಷ್ಟು ಹೊತ್ತು ಬೇಕೆಂದು ಅಂದಾಜು ಮಾಡಲು ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ 1892ರಲ್ಲಿ ಕೊಟ್ಟ ಸೂತ್ರವೊಂದು ಇಂದಿಗೂ ಬಳಕೆಯಲ್ಲಿದೆ. ಪ್ರತಿ 3 ಮೈಲಿಗೆ ಒಂದು ಗಂಟೆ, ಅದರ ಮೇಲೆ ಪ್ರತಿ 2000 ಅಡಿ ಏರಿಕೆಗೆ ಇನ್ನೊಂದು ಗಂಟೆ. ನಮ್ಮ ಅಳತೆಯಲ್ಲಿ ಹೇಳುವುದಾದರೆ ಸುಮಾರು 5 ಕಿಲೋಮೀಟರಿಗೆ ಒಂದು ಗಂಟೆ ಮತ್ತು 600 ಮೀಟರ್ ಏರಿಕೆಗೆ ಒಂದು ಗಂಟೆ. ಇದರ ಪ್ರಕಾರ ಕುಕ್ಕೆಯಿಂದ ತುದಿಗೆ ಐದು ಗಂಟೆಗಿಂತ ಸ್ವಲ್ಪ ಹೆಚ್ಚು, ಬೀದಳ್ಳಿಯಿಂದ ಮೂರು ಗಂಟೆಗೆ ಸ್ವಲ್ಪ ಕಡಿಮೆ ಸಾಕು. ಆದರೆ ಈ ಸೂತ್ರ ತಂಪು ಹವೆಯಲ್ಲಿ, ಎಲ್ಲಿಯೂ ನಿಲ್ಲದೆ ನಡೆಯುವ ಗಟ್ಟಿಗರಿಗಾಗಿ ಹುಟ್ಟಿದ್ದು. ನಮ್ಮ ಘಟ್ಟದ ಸೆಕೆ, ಬೆನ್ನಿನ ಚೀಲ, ಊಟ, ಫೋಟೊ, ಗುಂಪಿನಲ್ಲಿ ಹಿಂದುಳಿದವರಿಗಾಗಿ ಕಾಯುವುದು ಇವೆಲ್ಲವನ್ನೂ ಸೇರಿಸಿ ಅದನ್ನು ಒಂದೂವರೆ ಪಟ್ಟು ಮಾಡಿಕೊಂಡರೆ ನಿಜಕ್ಕೆ ಹತ್ತಿರವಾಗುತ್ತದೆ. ಆಗ ಕುಕ್ಕೆಯ ಕಡೆಯಿಂದ ಸುಮಾರು ಏಳೂವರೆ ಗಂಟೆ, ಬೀದಳ್ಳಿಯ ಕಡೆಯಿಂದ ಸುಮಾರು ನಾಲ್ಕು ಗಂಟೆ ಎಂದಾಗುತ್ತದೆ.

ಇಳಿಯಲು ಕುಕ್ಕೆಯ ಕಡೆಗೆ ಐದು ಗಂಟೆಯನ್ನಾದರೂ ಎಣಿಸಬೇಕು. ಅಂದರೆ ಹೋಗಿಬರಲು ಹನ್ನೆರಡು ಗಂಟೆಗೂ ಮೀರಿದ ನಡಿಗೆ. ಡಿಸೆಂಬರಿನಲ್ಲಿ ನಮ್ಮ ಕಡೆ ಹಗಲು ಇರುವುದು ಸುಮಾರು ಹನ್ನೊಂದೂವರೆ ಗಂಟೆ ಮಾತ್ರ. ಕುಕ್ಕೆಯಿಂದ ಒಂದೇ ದಿನದಲ್ಲಿ ಹೋಗಿಬರುತ್ತೇವೆನ್ನುವ ಸಾಧಾರಣ ನಡಿಗೆಯವರು ಈ ಎರಡು ಅಂಕಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಬೇಕು. ನಾನು ಮೊದಲ ಸಲ ಹೋದಾಗ ಈ ಲೆಕ್ಕವನ್ನು ಮಾಡಿರಲಿಲ್ಲ. ಮೂವರು ಬೆಳಿಗ್ಗೆ ಏಳೂವರೆಗೆ ಕುಕ್ಕೆಯಿಂದ ಹೊರಟು, ಮೂರು ಗಂಟೆಗೆ ತುದಿಯಲ್ಲಿದ್ದು, ಭಟ್ಟರ ಮನೆಗಿಂತ ಕೆಳಗಿನ ಕಾಡನ್ನು ಪೂರ್ಣ ಕತ್ತಲಲ್ಲಿ, ಒಂದೇ ಟಾರ್ಚಿನ ಬೆಳಕಿನಲ್ಲಿ ಇಳಿದೆವು. ಬೇರಿಗೆ ಎಡವಿ ಭಾವನ ಕಾಲು ಉಳುಕಿತು, ಉಳಿದ ಎರಡು ಕಿಲೋಮೀಟರಿಗೆ ಎರಡು ಗಂಟೆಗೂ ಹೆಚ್ಚು ಹಿಡಿಯಿತು. ಅಂದು ಆನೆ ಎದುರಾಗಲಿಲ್ಲ ಎಂಬುದು ನಮ್ಮ ಪುಣ್ಯ. ಈಗ ಇಲಾಖೆಯವರು ಬೆಳಗಿನ ನಿಗದಿತ ಸಮಯದ ನಂತರ ಮೇಲಕ್ಕೆ ಬಿಡುವುದಿಲ್ಲ ಮತ್ತು ತುದಿಯಲ್ಲಿ ರಾತ್ರಿ ತಂಗಲು ಅವಕಾಶವಿಲ್ಲ. ಇವು ನಮ್ಮನ್ನು ಕಾಡಿಸಲು ಮಾಡಿದ ನಿಯಮಗಳೆಂದು ಗೊಣಗುವವರನ್ನು ಕಂಡಾಗಲೆಲ್ಲ ನನಗೆ ಆ ಸಂಜೆಯ ನೆನಪಾಗುತ್ತದೆ.

ಇಳಿಯುವುದೆಂಬ ನಿಜವಾದ ಪರೀಕ್ಷೆ

ಹತ್ತುವಾಗ ತೊಡೆಯ ಸ್ನಾಯುಗಳು ಕುಗ್ಗಿ ದೇಹವನ್ನು ಮೇಲೆತ್ತುತ್ತವೆ. ಇಳಿಯುವಾಗ ಅವೇ ಸ್ನಾಯುಗಳು ಹಿಗ್ಗುತ್ತಲೇ ದೇಹದ ಭಾರವನ್ನು ತಡೆಹಿಡಿಯಬೇಕಾಗುತ್ತದೆ. ಈ ಎರಡನೆಯ ಬಗೆಯ ಕೆಲಸದಿಂದ ಉಸಿರು ಕಟ್ಟುವುದಿಲ್ಲವಾದ್ದರಿಂದ ಅದು ಸುಲಭವೆಂಬ ಭ್ರಮೆ ಹುಟ್ಟುತ್ತದೆ, ಆದರೆ ಸ್ನಾಯುವಿನ ಎಳೆಗಳಿಗೆ ಹೆಚ್ಚು ಪೆಟ್ಟಾಗುವುದು ಇದರಿಂದಲೇ. ಬೆಟ್ಟದಿಂದ ಬಂದ ಮಾರನೆಯ ದಿನ ಮತ್ತು ಅದರ ನಂತರದ ದಿನ ಮನೆಯ ಮೆಟ್ಟಿಲಿಳಿಯಲು ಗೋಡೆ ಹಿಡಿಯಬೇಕಾಗುವುದಕ್ಕೆ ಕಾರಣವೂ ಇದೇ. ಪ್ರತಿ ಹೆಜ್ಜೆಯಲ್ಲಿಯೂ ಮೊಣಕಾಲಿನ ಮೇಲೆ ದೇಹದ ತೂಕದ ಹಲವು ಪಟ್ಟು ಭಾರ ಬೀಳುತ್ತದೆ. ಕುಕ್ಕೆಯ ಬದಿಯಲ್ಲಿ ಇಂತಹ 1500 ಮೀಟರಿಗೂ ಹೆಚ್ಚಿನ ಇಳಿತವಿದೆ, ಮತ್ತು ಅದರ ಕೊನೆಯ ಭಾಗವೇ ಬೇರು ಕಲ್ಲುಗಳ ಅಸಮ ಮೆಟ್ಟಿಲುಗಳಿರುವ ಕಾಡು. ಅಂದರೆ ಕಾಲು ಅತ್ಯಂತ ದಣಿದಿರುವ ಹೊತ್ತಿನಲ್ಲಿಯೇ ಅತ್ಯಂತ ಎಚ್ಚರದ ಹೆಜ್ಜೆ ಬೇಕಾಗುತ್ತದೆ. ಬೀದಳ್ಳಿಯ ಬದಿಯಲ್ಲಿ ಕಷ್ಟದ ಬಂಡೆಗಳು ಮೇಲ್ಭಾಗದಲ್ಲಿವೆ. ಕಾಲುಗಳು ಇನ್ನೂ ಮಾತು ಕೇಳುವಾಗಲೇ ಅವುಗಳನ್ನು ಇಳಿದುಬಿಡುತ್ತೇವೆ, ಆಮೇಲೆ ಉಳಿಯುವುದು ಸೌಮ್ಯವಾದ ಕಾಡುದಾರಿ. ಎರಡು ಹಾದಿಗಳ ನಡುವಿನ ಎಲ್ಲ ವ್ಯತ್ಯಾಸಗಳಲ್ಲಿ ನಾನು ಅತ್ಯಂತ ಮುಖ್ಯವೆಂದು ಎಣಿಸುವುದು ಇದನ್ನು.

ಹೋಗುವ ಮುಂಚಿನ ತಿಂಗಳಲ್ಲಿ ಸಿದ್ಧತೆ ಮಾಡಿಕೊಳ್ಳುವವರು ಬಹುಮಹಡಿ ಕಟ್ಟಡದ ಮೆಟ್ಟಿಲನ್ನು ಹತ್ತಿ ಲಿಫ್ಟಿನಲ್ಲಿ ಇಳಿಯುತ್ತಾರೆ. ಕುಮಾರಪರ್ವತಕ್ಕೆ ಬೇಕಾದದ್ದು ಹತ್ತಿದಷ್ಟೇ ಶ್ರದ್ಧೆಯಿಂದ ಮೆಟ್ಟಿಲನ್ನು ಇಳಿಯುವ ಅಭ್ಯಾಸ. ಊರುಗೋಲು ಎರಡಿದ್ದರೆ ಮೊಣಕಾಲಿನ ಭಾರವನ್ನು ಕೈಗಳೂ ಸ್ವಲ್ಪ ಹಂಚಿಕೊಳ್ಳುತ್ತವೆ. ಬೂಟಿನ ಮುಂಭಾಗದಲ್ಲಿ ಹೆಬ್ಬೆರಳಿಗೆ ಸ್ವಲ್ಪ ಜಾಗವಿರಬೇಕು, ಇಲ್ಲದಿದ್ದರೆ ಕುಕ್ಕೆಯ ಇಳಿತದ ಕೊನೆಗೆ ಉಗುರು ಕಪ್ಪಾಗಿರುತ್ತದೆ.

ಒಂದು ಕಡೆ ಹತ್ತಿ ಇನ್ನೊಂದು ಕಡೆ ಇಳಿಯುವುದಾದರೆ

ಎರಡೂ ಬದಿಗಳನ್ನು ಕಾಣಬೇಕೆನ್ನುವವರ ಮುಂದೆ ಮೂರನೆಯ ಆಯ್ಕೆಯಿದೆ. ಅಂಥವರಲ್ಲಿ ಬಹಳ ಮಂದಿ ಬೀದಳ್ಳಿಯಿಂದ ಹತ್ತಿ ಕುಕ್ಕೆಗೆ ಇಳಿಯುತ್ತಾರೆ. ಇದರ ತರ್ಕವನ್ನು ಅರ್ಥಮಾಡಿಕೊಳ್ಳುವುದು ಕಷ್ಟವಲ್ಲ. ಹತ್ತುವ ಶ್ರಮ ಅರ್ಧವಾಗುತ್ತದೆ, ಮಧ್ಯಾಹ್ನದ ನಂತರದ ಹೊತ್ತಿಗೆ ಭಟ್ಟರ ಮನೆ ಸಿಗುತ್ತದೆ, ಕೆಳಗಿಳಿದ ಕೂಡಲೇ ಕುಕ್ಕೆಯಲ್ಲಿ ಸ್ನಾನ, ಊಟ, ಬೆಂಗಳೂರಿನ ರಾತ್ರಿ ಬಸ್ಸು ಎಲ್ಲವೂ ಇವೆ. ಆದರೆ ಮೇಲೆ ಹೇಳಿದ ಇಳಿತದ ಲೆಕ್ಕವನ್ನು ಒಪ್ಪುವುದಾದರೆ, ಇದು ಉಸಿರಿನ ಶ್ರಮವನ್ನು ಉಳಿಸಿ ಅದರ ಬೆಲೆಯನ್ನು ಮೊಣಕಾಲಿನಿಂದ ವಸೂಲಿ ಮಾಡುವ ವ್ಯವಸ್ಥೆ. ಇದಕ್ಕೆ ತದ್ವಿರುದ್ಧವಾಗಿ, ಮುಂಜಾನೆಯೇ ಕುಕ್ಕೆಯಿಂದ ಹತ್ತಿ ಬೀದಳ್ಳಿಗೆ ಇಳಿಯುವುದು ಕಾಲುಗಳಿಗೆ ಹೆಚ್ಚು ದಯೆ ತೋರುತ್ತದೆ. ಕೆಳಗಿನ ಕಾಡಿನ ಸೆಕೆಯನ್ನು ಬೆಳಗಿನ ತಂಪಿನಲ್ಲಿ ದಾಟುತ್ತೇವೆ, ಹುಲ್ಲುಗಾವಲನ್ನು ಬಿಸಿಲು ಬಲಿಯುವ ಮುನ್ನ ಏರುತ್ತೇವೆ, ಇಳಿತ ಅರ್ಧಕ್ಕಿಳಿಯುತ್ತದೆ. ಉಸಿರು ಗಟ್ಟಿಯಾಗಿದ್ದು ಮೊಣಕಾಲು ನಾಜೂಕಾಗಿರುವ, ನಲವತ್ತು ದಾಟಿದ ಚಾರಣಿಗರಿಗೆ ನಾನು ಇದನ್ನೇ ಹೇಳುವುದು. ಎರಡು ಕಂಟಕಗಳನ್ನು ಮಾತ್ರ ಮೊದಲೇ ಬಗೆಹರಿಸಿಕೊಳ್ಳಬೇಕು: ಬಂಡೆಗಳು ಒಣಗಿರುವ ಕಾಲವಾಗಿರಬೇಕು, ಮತ್ತು ಬೀದಳ್ಳಿಯ ಕಡೆಗೆ ಇಳಿದ ಮೇಲೆ ಸೋಮವಾರಪೇಟೆಗೆ ಹೋಗುವ ವಾಹನ ನಿಶ್ಚಿತವಾಗಿರಬೇಕು.

ಅನುಮತಿ, ಕಾಲ, ದಾರಿ

2024ರ ಜನವರಿಯಲ್ಲಿ ಗಣರಾಜ್ಯೋತ್ಸವದ ರಜೆಯ ದಿನಗಳಂದು ಈ ಬೆಟ್ಟದ ಮೇಲೆ ಸಾಲುಗಟ್ಟಿದ ಸಾವಿರಾರು ಜನರ ದೃಶ್ಯ ರಾಜ್ಯದಾದ್ಯಂತ ಚರ್ಚೆಗೆ ಕಾರಣವಾಯಿತು. ಅದರ ಬೆನ್ನಿಗೆ ಚಾರಣಕ್ಕೆ ನಿರ್ಬಂಧ ಬಂದು, ಅದೇ ವರ್ಷದ ಅಕ್ಟೋಬರಿನಲ್ಲಿ ‘ಅರಣ್ಯ ವಿಹಾರ’ ಎಂಬ ಜಾಲತಾಣದ ಮೂಲಕ ಮುಂಗಡ ಕಾಯ್ದಿರಿಸುವ ವ್ಯವಸ್ಥೆ ಜಾರಿಯಾಯಿತು. ದಿನಕ್ಕೆ ಇಂತಿಷ್ಟೇ ಮಂದಿ ಎಂಬ ಮಿತಿಯಿರುವುದರಿಂದ ನವೆಂಬರ್, ಡಿಸೆಂಬರ್ ತಿಂಗಳುಗಳ ಶನಿವಾರ ಮತ್ತು ಭಾನುವಾರಗಳು ಬೇಗ ತುಂಬುತ್ತವೆ. ರಜೆ ಹಾಕಲು ಸಾಧ್ಯವಿರುವವರು ವಾರದ ನಡುವಿನ ದಿನವನ್ನು ಆರಿಸಿಕೊಂಡರೆ ಕಾಡಿನ ಮೌನವೂ ದೊರೆಯುತ್ತದೆ. ಎಲ್ಲಿಂದ ಹತ್ತಿ ಎಲ್ಲಿಗೆ ಇಳಿಯುತ್ತೇವೆ ಎಂಬುದನ್ನು ಕಾಯ್ದಿರಿಸುವಾಗಲೇ ನಿಶ್ಚಯಿಸಿ, ಬೆಟ್ಟವನ್ನು ದಾಟಲು ಆ ಋತುವಿನಲ್ಲಿ ಅನುಮತಿ ಇದೆಯೇ ಎಂದು ನೋಡಿಕೊಳ್ಳಬೇಕು. ಒಂದು ಬದಿಯ ಚೀಟಿ ಹಿಡಿದು ಇನ್ನೊಂದು ಬದಿಯಲ್ಲಿ ಇಳಿದು ವಾದಕ್ಕೆ ನಿಲ್ಲುವುದು ಸರಿಯಲ್ಲ. ಮಳೆಗಾಲದಲ್ಲಿ ಜಾರುವ ಹಾದಿ ಮತ್ತು ಉಕ್ಕುವ ತೊರೆಗಳ ಕಾರಣದಿಂದ, ಬೇಸಿಗೆಯಲ್ಲಿ ಒಣಗಿದ ಹುಲ್ಲಿಗೆ ಬೆಂಕಿ ತಗಲುವ ಭಯದಿಂದ ಎರಡೂ ಹಾದಿಗಳನ್ನು ಮುಚ್ಚುತ್ತಾರೆ. ಅಕ್ಟೋಬರಿನಿಂದ ಜನವರಿಯವರೆಗಿನ ಕಾಲವೇ ಯೋಗ್ಯವಾದದ್ದು.

ತಲುಪುವ ಸೌಕರ್ಯದಲ್ಲಿ ಕುಕ್ಕೆಗೆ ಸಾಟಿಯಿಲ್ಲ. ಬೆಂಗಳೂರಿನಿಂದ ರಾತ್ರಿ ಬಸ್ಸುಗಳಿವೆ. ರೈಲಿನಲ್ಲಿ ಬರುವವರು ಸುಬ್ರಹ್ಮಣ್ಯ ರೋಡ್ ನಿಲ್ದಾಣದಲ್ಲಿ ಇಳಿದರೆ ಅಲ್ಲಿಂದ ದೇವಸ್ಥಾನಕ್ಕೆ ಹನ್ನೆರಡು ಕಿಲೋಮೀಟರಿನಷ್ಟು ದೂರ. ಆದರೆ ಮಾರ್ಗಶಿರ ಮಾಸದ ಚಂಪಾಷಷ್ಠಿಯ ಸುಮಾರಿನಲ್ಲಿ ಕ್ಷೇತ್ರಕ್ಕೆ ಬರುವ ಭಕ್ತರ ಸಂಖ್ಯೆ ಬಹಳ ದೊಡ್ಡದು. ಆ ವಾರದಲ್ಲಿ ಕೋಣೆ ಸಿಗುವುದು ದುರ್ಲಭವಾದ್ದರಿಂದ ಬೀದಳ್ಳಿಯ ಕಡೆಯಿಂದ ಹೋಗುವುದೇ ವಿವೇಕ. ತಾರಕಾಸುರನನ್ನು ಸಂಹರಿಸಿದ ಕುಮಾರಸ್ವಾಮಿಯು ಈ ಪರ್ವತಕ್ಕೆ ಬಂದು ದೇವಸೇನೆಯನ್ನು ವರಿಸಿದ್ದು ಆ ದಿನವೇ ಎಂದು ಸ್ಥಳಪುರಾಣ ಹೇಳುತ್ತದೆ. ತುದಿಯಲ್ಲಿರುವ ಚಿಕ್ಕ ಕಲ್ಲಿನ ಗುಡಿಯ ಮುಂದೆ ಬರಿಗಾಲಿನಲ್ಲಿ ನಿಂತು ಕೈಮುಗಿಯುವವರಿಗೆ ಅದು ಚಾರಣದ ಗುರಿಗಿಂತ ದೊಡ್ಡದು. ಚಾರಣಿಗರು ಅಲ್ಲಿ ಗದ್ದಲ ಮಾಡದೆ, ಚೂರು ಕಸವನ್ನೂ ಬಿಡದೆ ಬರಬೇಕು.

ಯಾರಿಗೆ ಯಾವುದು

ಹಿಂದೆ ಒಂದೆರಡು ಚಿಕ್ಕ ಬೆಟ್ಟಗಳನ್ನಷ್ಟೇ ಹತ್ತಿದವರು, ಹದಿಹರೆಯದ ಮಕ್ಕಳನ್ನು ಕರೆದೊಯ್ಯುವವರು ಮತ್ತು ಒಂದೇ ದಿನ ಬಿಡುವಿರುವವರು ಬೀದಳ್ಳಿಯಿಂದ ಹತ್ತಿ ಬೀದಳ್ಳಿಗೇ ಇಳಿಯಲಿ. ಮಳೆ ಬಿದ್ದು ಎರಡು ಮೂರು ದಿನಗಳಾಗಿರದಿದ್ದರೆ ಮಾತ್ರ ಆ ಬಂಡೆಗಳಿಗಾಗಿ ದಿನವನ್ನು ಮುಂದೂಡಬೇಕು. ತುದಿ ಮುಟ್ಟಲೇಬೇಕೆಂಬ ಹಟವಿಲ್ಲದೆ ಬೆಟ್ಟದ ಚೆಲುವನ್ನು ಕಾಣಬಯಸುವವರಿಗೆ ಕುಕ್ಕೆಯಿಂದ ಗಿರಿಗದ್ದೆಯನ್ನು ದಾಟಿ ಕಲ್ಲುಮಂಟಪದವರೆಗೆ ಹೋಗಿ ಹಿಂದಿರುಗುವುದೇ ಉತ್ತಮ. ಸುಮಾರು 18 ಕಿಲೋಮೀಟರಿನ ಈ ನಡಿಗೆಯಲ್ಲಿ ಹುಲ್ಲುಗಾವಲಿನ ಬಹುಪಾಲು ಸೊಬಗು ದಕ್ಕುತ್ತದೆ, ಸಂಜೆಯ ಬೆಳಕಿರುವಾಗಲೇ ಕೆಳಗೆ ತಲುಪಬಹುದು, ಮತ್ತು ಇದನ್ನು ಅರ್ಧ ಚಾರಣವೆಂದು ಕೀಳಾಗಿ ಕಾಣಬೇಕಾದ ಕಾರಣವೇ ಇಲ್ಲ. ಕುಕ್ಕೆಯಿಂದ ತುದಿಗೆ ಹೋಗಿ ಕುಕ್ಕೆಗೇ ಮರಳುವುದನ್ನು, ದಿನಕ್ಕೆ 20 ಕಿಲೋಮೀಟರಿಗೂ ಹೆಚ್ಚು ಬೆಟ್ಟದ ನಡಿಗೆಯನ್ನು ಮೊದಲೇ ಮಾಡಿ ನೋಡಿರುವವರು ಕೈಗೆತ್ತಿಕೊಳ್ಳಲಿ. ಅಂಥವರೂ ಬೆಳಗಾಗುತ್ತಲೇ ಹೊರಟು, ಹನ್ನೊಂದು ಗಂಟೆಯೊಳಗೆ ಕಲ್ಲುಮಂಟಪವನ್ನು ದಾಟಿರದಿದ್ದರೆ ಅಲ್ಲಿಂದಲೇ ಹಿಂದಿರುಗುವುದೆಂದು ಗುಂಪಿನಲ್ಲಿ ಮೊದಲೇ ಮಾತನಾಡಿಕೊಂಡಿರಬೇಕು. ಆ ಹೊತ್ತಿಗೆ ತುದಿ ಕಣ್ಣೆದುರಿಗೇ ಇರುವುದರಿಂದ ಅಲ್ಲಿ ನಿಂತು ನಿರ್ಧಾರ ಮಾಡಲು ಹೊರಟರೆ ಯಾರಿಗೂ ಹಿಂದಿರುಗುವ ಮನಸ್ಸಾಗುವುದಿಲ್ಲ.

ಕುಕ್ಕೆಯಿಂದ ಹತ್ತಿ ಬೀದಳ್ಳಿಗೆ ಇಳಿಯುವವರು ಹೊರಡುವ ಹಿಂದಿನ ದಿನವೇ ಸೋಮವಾರಪೇಟೆಯ ಕಡೆಯ ಜೀಪಿನವರೊಡನೆ ಮಾತನಾಡಿ, ಸಂಜೆ ಎಷ್ಟು ಗಂಟೆಯಿಂದ ಎಷ್ಟು ಗಂಟೆಯವರೆಗೆ ಕಾಯಬೇಕೆಂಬುದನ್ನೂ ಬಾಡಿಗೆಯನ್ನೂ ಗೊತ್ತುಪಡಿಸಿಕೊಳ್ಳಬೇಕು. ಬೆಟ್ಟದ ಬಹುಭಾಗದಲ್ಲಿ ಮೊಬೈಲ್ ಸಂಪರ್ಕವನ್ನು ನಂಬುವಂತಿಲ್ಲವಾದ್ದರಿಂದ, ತಡವಾದರೆ ಅರಣ್ಯ ಕಚೇರಿಯಲ್ಲಿ ವಿಚಾರಿಸಲು ಅವರಿಗೆ ಹೇಳಿ, ಗುಂಪಿನವರ ಹೆಸರುಗಳಿರುವ ಒಂದು ಚೀಟಿಯನ್ನು ಕುಕ್ಕೆಯಲ್ಲಿ ತಂಗಿದ ಜಾಗದಲ್ಲಿಯೂ ಕೊಟ್ಟು ಹೊರಡಿರಿ.